ನಿಕೋಡಿಮಸ್ ಊರಿನ ಚಕ್ಕುಬಂದಿ ಬರೆದದ್ದು

ನನ್ನ ತಂದೆ ಭೂಮಾಪಕರಾಗಿದ್ದರು. ಹಾಗಾಗಿ ಯಾವ ಊರಿಗೆ ಹೋದರೂ ನನಗೆ ಮೊದಲು ಏಳುವ ಪ್ರಶ್ನೆ, ಈ ನೆಲ ಯಾರದು, ಇದರ ಚಕ್ಕುಬಂದಿ ಏನು ಎಂಬುದೇ. ಅಮೆರಿಕದ ಕ್ಯಾನ್ಸಸ್‌ಗೆ ಬಂದು ನೆಲೆಸಿದ ಮೇಲೂ ಈ ಚಾಳಿ ಹೋಗಲಿಲ್ಲ. ರಾಜ್ಯದ ವಾಯವ್ಯ ಮೂಲೆಯಲ್ಲಿ, ಹೆದ್ದಾರಿ 24ರ ಪಕ್ಕದಲ್ಲಿರುವ ನಿಕೋಡಿಮಸ್‌ ಎಂಬ ಪುಟ್ಟ ಊರಿಗೆ ಮೊದಲ ಸಲ ಹೋದಾಗ ಕಂಡದ್ದು ಐದು ಹಳೆಯ ಕಟ್ಟಡಗಳು, ಬೆರಳೆಣಿಕೆಯ ಮನೆಗಳು, ಕಣ್ಣು ಹಾಯುವವರೆಗೂ ಹೊಲ. ಇದರ ಚರಿತ್ರೆಯನ್ನು ನೆಲದ ಕಾಗದಗಳಿಂದಲೇ ಕಟ್ಟಿ ನೋಡಬೇಕು ಎಂದು ಅಂದೇ ತೀರ್ಮಾನಿಸಿದೆ. ಎರಡು ವರ್ಷ ಹಿಡಿಯಿತು.

ಊರಿನ ಹುಟ್ಟು 1877ರಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗಾಗಿ ಒಂದು ಟೌನ್ ಕಂಪನಿ, ಅಂದರೆ ಊರು ಕಟ್ಟುವ ಸಂಸ್ಥೆ, ಆ ಏಪ್ರಿಲ್‌ನಲ್ಲಿ ನೋಂದಣಿಯಾಯಿತು. ಕೆಂಟಕಿ ರಾಜ್ಯದಿಂದ ಹೊರಟವರು ಕ್ಯಾನ್ಸಸ್‌ನ ಎಲ್ಲಿಸ್‌ವರೆಗೆ ರೈಲಿನಲ್ಲಿ ಬಂದು, ಮುಂದೆ ಎರಡು ದಿನ ಹುಲ್ಲುಗಾವಲು ದಾಟಬೇಕಿತ್ತು. 1878ರಲ್ಲಿ ಬಂದ ವಿಲಿಯಾನಾ ಹಿಕ್ಮನ್ ಎಂಬಾಕೆಯ ನೆನಪು ದಾಖಲಾಗಿದೆ. ‘ಅದೋ ನಿಕೋಡಿಮಸ್’ ಎಂದು ಜೊತೆಯವರು ಕೂಗಿದಾಗ ಆಕೆಗೆ ಊರೇ ಕಾಣಲಿಲ್ಲ. ನೆಲದೊಳಗಿಂದ ಹೊಗೆ ಮಾತ್ರ ಏಳುತ್ತಿತ್ತು. ಮರವಿಲ್ಲದ ಆ ಬಯಲಿನಲ್ಲಿ ಜನ ಗುಂಡಿ ತೋಡಿ ಅದರಲ್ಲೇ ಮನೆ ಮಾಡಿಕೊಂಡಿದ್ದರು. ಆಕೆ ಅತ್ತುಬಿಟ್ಟಳು. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಎಂಬ ಮೂಲನಿವಾಸಿ ಜನ ಆಹಾರ ಹಂಚಿಕೊಂಡದ್ದರಿಂದ ಜೀವ ಉಳಿಯಿತೆಂದು ಊರಿನವರು ಇಂದಿಗೂ ಹೇಳುತ್ತಾರೆ.

ಇನ್ನು ಕಾಗದದ ಕೆಲಸ. ಈ ನಾಡಿನ ಅಳತೆಯಲ್ಲಿ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಕ್ಕೆ ಟೌನ್‌ಶಿಪ್ ಎನ್ನುತ್ತಾರೆ. ಅದರೊಳಗೆ ತಲಾ ಒಂದು ಚದರ ಮೈಲಿಯ 36 ಸೆಕ್ಷನ್‌ಗಳು. ಎಣಿಕೆ ಈಶಾನ್ಯದ ಮೂಲೆಯಲ್ಲಿ ಶುರುವಾಗಿ ಪಶ್ಚಿಮಕ್ಕೆ ಹೋಗುತ್ತದೆ, ಮುಂದಿನ ಸಾಲಿನಲ್ಲಿ ಪೂರ್ವಕ್ಕೆ ಮರಳುತ್ತದೆ, ಥೇಟ್ ಎತ್ತು ಹೂಡಿ ಉಳುವ ಹಾಗೆ. ಸೆಕ್ಷನ್ನಿನ ಕಾಲು ಭಾಗ 160 ಎಕರೆ. ಸರ್ಕಾರಿ ನೆಲವನ್ನು ನೆಲೆಸುವವರಿಗೆ ಹಂಚುವ 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಒಬ್ಬರಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಅಷ್ಟೇ ನೆಲ, ಅದೂ ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದ ಮೇಲೆ. ಆದರೆ ಆಡಳಿತದ ಒಂದು ಘಟಕಕ್ಕೂ ಟೌನ್‌ಶಿಪ್ ಎಂದೇ ಹೆಸರು. ಎರಡನ್ನೂ ಒಂದೇ ಎಂದುಕೊಂಡು ನಾನು ಇಡೀ ತಿಂಗಳು ತಪ್ಪು ಚೌಕಗಳಲ್ಲಿ ಹೆಸರು ತುಂಬಿದೆ. ಈ ಕೆಲಸಕ್ಕೆ ಇಳಿಯುವವರು ಇದೊಂದನ್ನು ಮೊದಲೇ ಬಿಡಿಸಿಕೊಳ್ಳಬೇಕು.

ಹಕ್ಕುಪತ್ರಗಳ ಪ್ರತಿಗಳು ಭೂ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಹೆಸರು, ದಿನಾಂಕ, ಸೆಕ್ಷನ್ ಸಂಖ್ಯೆ ಇರುತ್ತವೆ, ಅಷ್ಟೇ. ಜೀವವಿರುವುದು ರಾಷ್ಟ್ರೀಯ ಪತ್ರಾಗಾರದ ಮೂಲ ಕಡತದಲ್ಲಿ. ಮನೆ ಎಂಥದು, ಎಷ್ಟು ಎಕರೆ ಉತ್ತಿದ್ದೀರಿ, ಎಷ್ಟು ಬೆಳೆ ತೆಗೆದಿದ್ದೀರಿ, ನಡುವೆ ಊರು ಬಿಟ್ಟಿದ್ದಿರಾ ಎಂದೆಲ್ಲ ಕೇಳಿ ಬರೆದುಕೊಂಡ ಹೇಳಿಕೆಗಳು ಅಲ್ಲಿವೆ. ನಾನು ತರಿಸಿದ ಮೊದಲ ಕಡತದ ಕೊನೆಯಲ್ಲಿ ಸಹಿಯಿರಲಿಲ್ಲ. ಗುಮಾಸ್ತನ ಅಂದದ ಅಕ್ಷರದಲ್ಲಿ ಹೆಸರು, ಅದರ ನಡುವೆ ಶಾಯಿಯಲ್ಲಿ ಒತ್ತಿ ಎಳೆದ ಒಂದು ಕತ್ತರಿ ಗುರುತು. ಎರಡನೆಯ ಗೆರೆ ಕೊನೆಯಲ್ಲಿ ಸ್ವಲ್ಪ ಒಡೆದಿತ್ತು, ಲೇಖನಿ ಕಾಗದಕ್ಕೆ ಸಿಕ್ಕಿಕೊಂಡಂತೆ. ಆ ಹಾಳೆಯನ್ನು ಎಷ್ಟು ಹೊತ್ತು ನೋಡಿದೆನೋ.

ಚಕ್ಕುಬಂದಿ ಸಿಕ್ಕಿದ್ದೂ ಇಲ್ಲಿಯೇ. ಇಲ್ಲಿನ ಪತ್ರಗಳಲ್ಲಿ ‘ಪೂರ್ವಕ್ಕೆ ಇಂಥವರ ಜಮೀನು’ ಎಂದು ಬರೆಯುವ ಪದ್ಧತಿಯಿಲ್ಲ. ಆದರೆ ಸಾಗುವಳಿ ರುಜುವಾತಿಗೆ ಸಾಕ್ಷಿಗಳು ಬೇಕು, ಸಾಕ್ಷಿ ಹೇಳಲು ಬರುವವರು ಸಾಮಾನ್ಯವಾಗಿ ಅಕ್ಕಪಕ್ಕದವರು. 1879ರ ನಂತರ ಈ ಸಾಕ್ಷಿಗಳ ಹೆಸರುಗಳನ್ನು ಹತ್ತಿರದ ಪತ್ರಿಕೆಯಲ್ಲಿ ಪ್ರಕಟಿಸುವುದೂ ಕಡ್ಡಾಯವಾಯಿತು. ಆ ಹೆಸರುಗಳನ್ನು ಜೋಡಿಸುತ್ತಾ ಹೋದಂತೆ ಯಾರು ಯಾರ ಮಗ್ಗುಲಲ್ಲಿದ್ದರು, ಯಾರ ಮಾತಿಗೆ ಯಾರು ನಿಂತರು ಎಂಬುದು ನಕ್ಷೆಯ ಮೇಲೆ ಮೂಡಿತು.

ಮುಂದಿನದು ಜನಗಣತಿ. 1890ರ ಗಣತಿಯ ಬಹುಪಾಲು 1921ರ ಬೆಂಕಿ ಅನಾಹುತದಿಂದ ಹಾಳಾಯಿತು. ಕ್ಯಾನ್ಸಸ್ ರಾಜ್ಯವೇ 1885 ಮತ್ತು 1895ರಲ್ಲಿ ನಡೆಸಿದ ಗಣತಿಗಳು ಆ ಕಂದರವನ್ನು ತುಂಬುತ್ತವೆ. ನನ್ನನ್ನು ಅಲುಗಾಡಿಸಿದ್ದು ಹಿಂದಕ್ಕೆ ಹೋದ ದಾರಿ. 1880ರಲ್ಲಿ ನಿಕೋಡಿಮಸ್‌ನಲ್ಲಿರುವ ಕುಟುಂಬ 1870ರಲ್ಲಿ ಕೆಂಟಕಿಯಲ್ಲಿ ಸಿಗುತ್ತದೆ. ಇನ್ನೂ ಹತ್ತು ವರ್ಷ ಹಿಂದೆ ಹೋದರೆ ಹೆಸರೇ ಇಲ್ಲ. 1860ರ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿದೆ, ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ. ಗಂಡು, 22. ಹೆಣ್ಣು, 9. ಕೆಂಟಕಿಯಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1865ರ ಡಿಸೆಂಬರಿನಲ್ಲಿ. ದನಕರುಗಳ ಹಾಗೆ ಎಣಿಸಿ ಬರೆದಿದ್ದವರೇ ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಈ ಬಯಲಿಗೆ ಬಂದು ಗುದ್ದಲಿ ಹಿಡಿದು, ತಮ್ಮ ಹೆಸರಿನ ಹಕ್ಕುಪತ್ರಕ್ಕೆ ಕಾಯತೊಡಗಿದ್ದರು. ಆ ಕತ್ತರಿ ಗುರುತನ್ನು ಅನಕ್ಷರತೆಯ ಗುರುತೆಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಊರು ಕುಗ್ಗಿದ ಕಥೆಗೆ ಪತ್ರಿಕೆಗಳನ್ನೇ ಓದಬೇಕು. 1886ರಲ್ಲಿ ಶುರುವಾದ ‘ವೆಸ್ಟರ್ನ್ ಸೈಕ್ಲೋನ್’ ಸಂಚಿಕೆಗಳನ್ನು ಒಂದೊಂದಾಗಿ ಓದುತ್ತಾ ಹೋದರೆ ಅಂಗಡಿಗಳ ಜಾಹೀರಾತು, ರೈಲಿನ ಆಸೆ, ಮತ್ತೆ ರೈಲಿನ ಆಸೆ. ಹಳಿ ತರಿಸಲು 1887ರಲ್ಲಿ ಊರಿನವರು 16,000 ಡಾಲರ್‌ಗಳ ಬಾಂಡಿಗೆ, ಅಂದರೆ ಸಾಲಪತ್ರಕ್ಕೆ, ಮತ ಹಾಕಿದರು. ಆದರೂ 1888ರಲ್ಲಿ ರೈಲು ಸಾಲೊಮನ್ ನದಿಯ ಆಚೆ ದಡದಲ್ಲೇ ಸಾಗಿತು. ಅಲ್ಲಿ ಬೋಗ್ ಎಂಬ ಊರು ಎದ್ದಿತು, ಇಲ್ಲಿನ ಅಂಗಡಿಗಳು ಅತ್ತ ಹೊರಟವು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು. ಊರು 1996ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ಪ್ರತಿ ಜುಲೈ ಕೊನೆಯಲ್ಲಿ ಈ ಊರಿನ ವಂಶಸ್ಥರು ದೂರದೂರುಗಳಿಂದ ಬಂದು ಸೇರುತ್ತಾರೆ. ಎರಡನೆಯ ವರ್ಷ ನಕ್ಷೆ ಸುತ್ತಿಕೊಂಡು ನಾನೂ ಹೋದೆ. ಮೇಜಿನ ಮೇಲೆ ಹರಡಿದಾಗ ಒಬ್ಬ ಅಜ್ಜಿ ಕನ್ನಡಕ ಏರಿಸಿಕೊಂಡು ತಮ್ಮ ತಾತನ ಚೌಕವನ್ನು ಹುಡುಕಿ ಬೆರಳಿಟ್ಟರು. ಗೆರೆಗಳೆಲ್ಲ ಸರಿಯಿವೆ, ಆದರೆ ಈ ಗೆರೆಗಳ ಮೇಲೆ ನಾವ್ಯಾರೂ ನಡೆಯಲಿಲ್ಲ ಎಂದರು. ನನ್ನ ಪೆನ್ಸಿಲ್ ತೆಗೆದುಕೊಂಡು, ಮೂರು ಜನರ ಹೊಲಗಳನ್ನು ಓರೆಯಾಗಿ ದಾಟಿ ಶಾಲೆ ಮುಟ್ಟುವ ಒಂದು ಕಾಲುದಾರಿ ಎಳೆದರು. ಯಾವ ಕಡತದಲ್ಲೂ ಇಲ್ಲದ ಆ ಗೆರೆಯ ಮೇಲೆ, ಮನೆಗೆ ಬಂದ ರಾತ್ರಿಯೇ ಶಾಯಿ ಹಚ್ಚಿದೆ.