ಅಂಡಮಾನಿಗೆ ಟಿಕೆಟ್ ಮಾಡಿಸೋ ಮೊದಲು

ಮೊದಲು ಜೊತೆಗೆ ಯಾರ್ಯಾರು ಬರ್ತಾರೆ ಅಂತ ಬರೆದುಕೊಳ್ಳಿ. ನಾನು ಮಂಡ್ಯದಿಂದ ಅಮ್ಮನನ್ನೂ, ಹೊಸದಾಗಿ ಮದುವೆಯಾದ ತಮ್ಮ-ನಾದಿನಿಯನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ ಪೇಚಾಡಿದೆ. ಹಡಗಿನಲ್ಲಿ ಅಮ್ಮನಿಗೆ ಒಂದೇ ಸಮ ವಾಂತಿ. ಆದರೂ ಮಡಿಲಲ್ಲಿದ್ದ ಚಟ್ನಿಪುಡಿ ಡಬ್ಬ ಬಿಡಲಿಲ್ಲ!

ವಯಸ್ಸಾದವರಿದ್ದರೆ ಪೋರ್ಟ್ ಬ್ಲೇರ್‌ನಲ್ಲೇ ಜಾಸ್ತಿ ದಿನ ಇರಿ. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ. ಸೆಲ್ಯುಲರ್ ಜೈಲನ್ನು ನಿಧಾನವಾಗಿ ನೋಡಬಹುದು. ಜೋಡಿಗಳಿಗೆ ಸ್ವರಾಜ್ ದ್ವೀಪದ (ಮೊದಲಿನ ಹ್ಯಾವ್‌ಲಾಕ್) ರಾಧಾನಗರ ಬೀಚ್. ಚಳಿಗಾಲದಲ್ಲಿ ಅಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮ ಕೆಆರ್‌ಎಸ್ ಲೆಕ್ಕದಲ್ಲಿ ಆರಕ್ಕೆ ಹೋದ ನಮಗೆ ಸಿಕ್ಕಿದ್ದು ಬರೀ ಕತ್ತಲೆ. ಸ್ಕೂಬಾ (ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯೋದು) ಹುಚ್ಚಿನವರು ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, ನೀರಿಂದ ಎದ್ದು 18 ಗಂಟೆಯಾದರೂ ಬಿಟ್ಟೇ ವಿಮಾನ ಹತ್ತಿ. ಮಳೆಗಾಲ ಮಾತ್ರ ಸುಮ್ನೆ ಬೇಡ.