ಕೊಲ್ಲಿ ದೇಶದ ಶಾಲೆಗೆ ಹೊರಟವರ ಪಾಠಯೋಜನೆಗೆ ಒಂದು ಸಲಹೆ

ತುಮಕೂರು, ತಿಪಟೂರು, ಶಿರಾ ಕಡೆಯಿಂದ ಸೌದಿ, ಒಮಾನ್, ಕತಾರ್ ಶಾಲೆಗಳಿಗೆ ಹೊಸದಾಗಿ ಸೇರುತ್ತಿರುವ ಶಿಕ್ಷಕ ಮಿತ್ರರು ವಾರ್ಷಿಕ ಪಾಠಯೋಜನೆ ಬರೆಯಲು ಕೂತಾಗ ಎಲ್ಲಕ್ಕಿಂತ ಮೊದಲು ರಂಜಾನ್ ತಿಂಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು, ಕಠಿಣ ಅಧ್ಯಾಯಗಳು ಅದಕ್ಕೆ ಮುಂಚೆಯೇ ಮುಗಿಯುವಂತೆ ಹಂಚಿ, ಆ ತಿಂಗಳಿಗೆ ಪುನರಾವರ್ತನೆ ಮತ್ತು ಓದನ್ನಷ್ಟೇ ಉಳಿಸಿಕೊಳ್ಳಿ. ಆಗ ಶಾಲೆಯ ವೇಳೆ ಮೊಟಕಾಗುತ್ತದೆ. ಸಹರಿಗೆಂದು, ಅಂದರೆ ಉಪವಾಸ ಶುರುವಾಗುವ ಮುಂಚಿನ ಊಟಕ್ಕೆಂದು, ನಸುಕಿಗೂ ಮುಂಚೆ ಎದ್ದು ಉಪವಾಸವಿರುವ ಮಕ್ಕಳು ಮೂರನೆಯ ಪೀರಿಯಡ್ಡಿಗೇ ಬೆಂಚಿನ ಮೇಲೆ ತಲೆಯಿಟ್ಟುಬಿಡುತ್ತಾರೆ, ಆದ್ದರಿಂದ ಗಣಿತದಂಥ ವಿಷಯ ಅನಿವಾರ್ಯವಾದರೆ ಬೆಳಗಿನ ಮೊದಲ ಪೀರಿಯಡ್ಡನ್ನೇ ಕೇಳಿ ಪಡೆಯಿರಿ. ಸಹೋದ್ಯೋಗಿಯ ಹಳೆಯ ಯೋಜನೆಯನ್ನು ಮಾತ್ರ ನಕಲು ಮಾಡಬೇಡಿ: ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬಂದು ಯುಗಾದಿಯನ್ನು ಮಾರ್ಚ್-ಏಪ್ರಿಲ್‌ನಲ್ಲೇ ಹಿಡಿದಿಡುತ್ತದೆ, ಆದರೆ ಇಸ್ಲಾಮಿನ ಚಾಂದ್ರಮಾನ ವರ್ಷವಾದ ಹಿಜರಿ ವರ್ಷಕ್ಕೆ ಅಧಿಕ ಮಾಸವಿಲ್ಲ, ಅದರಲ್ಲಿರುವುದು 354 ಅಥವಾ 355 ದಿನ, ಹಾಗಾಗಿ ರಂಜಾನ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ತಿಂಗಳ ಆರಂಭವೂ ಮುಕ್ತಾಯವೂ ಚಂದ್ರದರ್ಶನದ ಮೇಲೆ ನಿಂತಿರುವುದರಿಂದ ಗುರುತು ಮಾಡಿದ ದಿನಾಂಕ ಒಂದು ದಿನ ಆಚೀಚೆಯಾಗಬಹುದು. ಆ ಅಂಚಿನ ದಿನಗಳಲ್ಲಿ ಕಿರುಪರೀಕ್ಷೆ ಇಡಬೇಡಿ. ಪಾಠಗಳ ಕ್ರಮವನ್ನು ಶಾಲೆಯೇ ವಾರವಾರಕ್ಕೆ ನಿಗದಿಪಡಿಸುವ ಕಡೆ ಈ ಉಪಾಯ ಪೂರ್ತಿ ನಡೆಯುವುದಿಲ್ಲ. ಅಲ್ಲಿ ವಾರದೊಳಗೆ ಪಾಠಗಳನ್ನು ಹಿಂದುಮುಂದು ಮಾಡಲು ವಿಭಾಗ ಮುಖ್ಯಸ್ಥರ ಒಪ್ಪಿಗೆಯನ್ನು ಒಂದು ತಿಂಗಳ ಮೊದಲೇ ಕೇಳಿ. ಅವರಿಗೂ ಆ ಮಕ್ಕಳ ಆಯಾಸ ಚೆನ್ನಾಗಿಯೇ ಗೊತ್ತಿರುತ್ತದೆ.