ನವೆಂಬರಿನ ಟ್ರೊಮ್ಸೊ: ಜಾರದೆ, ನೆನೆಯದೆ ನೋಡಿ ಬರುವುದು ಹೇಗೆ?

ನಾರ್ವೆಯ ಟ್ರೊಮ್ಸೊಗೆ ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಮೈನಸ್ ಎಷ್ಟಿರುತ್ತೆ?’ ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿರುವ ಊರು ಅಂದಮೇಲೆ ಆ ಭಯ ಸಹಜ. ಆದರೆ ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಈ ಕರಾವಳಿಯ ಪಕ್ಕದಲ್ಲೇ ಹರಿಯುತ್ತದೆ. ಹಾಗಾಗಿ ಅಕ್ಟೋಬರ್ ಕೊನೆ, ನವೆಂಬರ್ ಶುರುವಿನಲ್ಲಿ ಉಷ್ಣಾಂಶ ಸೊನ್ನೆಯ ಆಚೀಚೆಯೇ ಇರುತ್ತದೆ. ಕಷ್ಟ ಇರುವುದೂ ಅಲ್ಲೇ. ಬೆಳಿಗ್ಗೆ ಹಿಮ, ಮಧ್ಯಾಹ್ನ ಮಳೆ, ಸಂಜೆಗೆ ಅದೇ ನೀರು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಮೈನಸ್ 20ಕ್ಕೆ ಅಂತ ದುಡ್ಡು ಸುರಿದು ಬಟ್ಟೆ ಕೊಂಡು ಬಂದವರು ಒದ್ದೆ ಕಾಲುಚೀಲದಲ್ಲಿ ನಡುಗುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

1. ದಿನ ಗೊತ್ತು ಮಾಡಿ

ನವೆಂಬರ್ ಕೊನೆಯ ವಾರದಿಂದ ಜನವರಿ ಮಧ್ಯದವರೆಗೆ ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಅದಕ್ಕೆ ಮುಂಚೆ, ನವೆಂಬರ್ ಶುರುವಿನಲ್ಲಿ, ಆರೂವರೆ ಗಂಟೆಯಷ್ಟು ಹಗಲಿರುತ್ತದೆ. ಆಮೇಲೆ ದಿನಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಕರಗುತ್ತಾ ಹೋಗುತ್ತದೆ. ಮೊದಲ ಸಲ ಹೋಗುವವರು ನವೆಂಬರ್ ಮೊದಲ ವಾರವನ್ನೇ ಆರಿಸಿಕೊಳ್ಳಿ. ಸುತ್ತಾಡಲು ಬೆಳಕೂ ಸಿಗುತ್ತದೆ, ಅರೋರಾ, ಅಂದರೆ ರಾತ್ರಿ ಆಕಾಶದಲ್ಲಿ ಆಡುವ ಹಸಿರು ಬೆಳಕು, ನೋಡಲು ಕತ್ತಲೂ ಸಿಗುತ್ತದೆ. ತಿಮಿಂಗಿಲ ನೋಡಲೇಬೇಕು ಅನ್ನುವವರು ಮಾತ್ರ ಇನ್ನೆರಡು ವಾರ ತಡೆಯಿರಿ. ಹೆರಿಂಗ್ ಮೀನಿನ ಬೆನ್ನು ಹತ್ತಿ ಓರ್ಕಾ, ಹಂಪ್‌ಬ್ಯಾಕ್‌ಗಳು ಶೆರ್ವೊಯ್ ದ್ವೀಪದ ಕಡೆಗೆ ಬರುವ ಕಾಲ ಅದು.

ಎಷ್ಟು ರಾತ್ರಿ? ನಾಲ್ಕಕ್ಕಿಂತ ಕಡಿಮೆ ಬೇಡ. ಎರಡು ರಾತ್ರಿಗೆ ಬಂದು, ಎರಡೂ ದಿನ ಮೋಡ ನೋಡಿಕೊಂಡು ಹೋದವರ ಮುಖ ನನಗೆ ಇನ್ನೂ ನೆನಪಿದೆ.

2. ವೀಸಾ, ಟಿಕೆಟ್

ಬೇಕಾಗಿರುವುದು ಷೆಂಗೆನ್ ವೀಸಾ. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕೊನೆಯವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಓಸ್ಲೊದಿಂದ ಟ್ರೊಮ್ಸೊಗೆ ವಿಮಾನದಲ್ಲಿ ಎರಡು ಗಂಟೆ. ಬ್ಯಾಗಿಗೆ ಚಟ್ನಿಪುಡಿ, ಅವಲಕ್ಕಿ ಹಾಕಿಕೊಳ್ಳಿ. ತುಪ್ಪ, ಪೇಡ ಬೇಡ, ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಭಾನುವಾರ ದೊಡ್ಡ ದಿನಸಿ ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ, ಶನಿವಾರವೇ ಹಾಲು, ಬ್ರೆಡ್ ತಂದಿಡಿ.

3. ಬಟ್ಟೆ

ಹತ್ತಿ ಬಟ್ಟೆ ಮೈಗೆ ತಾಗಲೇಬಾರದು. ಬನಿಯನ್, ಜೀನ್ಸ್, ಕಾಲುಚೀಲ, ಯಾವುದೂ ಹತ್ತಿಯದು ಬೇಡ. ನೆನೆದ ಹತ್ತಿ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಉಣ್ಣೆ ಹಾಗಲ್ಲ. ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹೊದ್ದು ಮಳೆಯಲ್ಲೇ ಗದ್ದೆ ಕೆಲಸ ಮಾಡುವವರನ್ನು ನೋಡಿದ್ದೀರಿ ಅಲ್ವಾ? ಕಂಬಳಿ ನೆನೆದು ಭಾರವಾದರೂ ಒಳಗೆ ಬೆಚ್ಚಗಿರುತ್ತದೆ. ಟ್ರೊಮ್ಸೊದ ಜನ ನಂಬಿರುವುದೂ ಅದನ್ನೇ.

ಒಳಗೆ ತೆಳು ಮೆರಿನೊ ಉಣ್ಣೆ, ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್, ಎಲ್ಲಕ್ಕಿಂತ ಮೇಲೆ ಗಾಳಿ, ನೀರು ಎರಡನ್ನೂ ತಡೆಯುವ ಜಾಕೆಟ್. ‘ಥರ್ಮಲ್’ ಅಂತ ಬರೆದ ಅಗ್ಗದ ಜೊತೆಗಳನ್ನು ಕೊಳ್ಳುವ ಮುಂಚೆ ಒಳಗಿನ ಚೀಟಿ ಓದಿ. ಎಷ್ಟೋ ಸಲ ಅದರಲ್ಲಿ ಅರ್ಧಕ್ಕರ್ಧ ಹತ್ತಿಯೇ ಇರುತ್ತದೆ. ಕೈಗವಸು ಬೆರಳು ಬೇರೆ ಬೇರೆ ಇರುವುದಕ್ಕಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವುದೇ ವಾಸಿ.

4. ಪಾದ: ಎಲ್ಲರೂ ಎಡವುವುದು ಇಲ್ಲೇ

ನಮ್ಮ ಅತ್ತಿಗೆ ಬಿದ್ದದ್ದು ಬೆಟ್ಟದ ಮೇಲಲ್ಲ, ಹೋಟೆಲ್ ಬಾಗಿಲಿನಿಂದ ನಾಲ್ಕೇ ಹೆಜ್ಜೆ ಆಚೆ. ಹಿಂದಿನ ದಿನದ ಹಿಮ ಕರಗಿ, ರಾತ್ರಿ ಗಟ್ಟಿಯಾಗಿ, ಅದರ ಮೇಲೆ ತೆಳ್ಳಗೆ ಮಳೆನೀರು ನಿಂತಿತ್ತು. ಕಣ್ಣಿಗೆ ಬರೀ ಒದ್ದೆ ರಸ್ತೆ. ಮಣಿಕಟ್ಟು ಮುರಿಯಿತು, ಉಳಿದ ಮೂರು ದಿನವನ್ನು ಅವರು ಕೋಣೆಯ ಕಿಟಕಿಯಲ್ಲೇ ಕಳೆದರು.

ಶೂ ಒಂದು ಸೈಜ್ ದೊಡ್ಡದಿರಲಿ, ನೀರು ಒಳಗೆ ಹೋಗದಂತಿರಲಿ. ಬಿಗಿಯಾದ ಶೂಗೆ ಎರಡು ಜೊತೆ ಕಾಲುಚೀಲ ತುರುಕಿದರೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಬೆರಳು ಆಡಬೇಕು, ನಡುವೆ ಗಾಳಿ ಇರಬೇಕು.

ಶೂ ಅಟ್ಟೆಗೆ ಸಿಕ್ಕಿಸುವ ಮೊಳೆಯ ಪಟ್ಟಿಗೆ ಅಲ್ಲಿ ‘ಬ್ರೊಡ್ಡರ್’ ಅನ್ನುತ್ತಾರೆ. ಊರಿಗೆ ಇಳಿದ ದಿನವೇ ಕೊಂಡುಕೊಳ್ಳಿ. ಮುಂಗಾಲಿಗೆ ಮಾತ್ರ ಮೊಳೆ ಇರುವುದನ್ನು ಮುಟ್ಟಬೇಡಿ. ನಾವು ನೆಲಕ್ಕೆ ಮೊದಲು ಊರುವುದು ಹಿಮ್ಮಡಿ, ಜಾರುವುದೂ ಅದೇ. ಹಿಮ್ಮಡಿ, ಮುಂಗಾಲು ಎರಡರ ಕೆಳಗೂ ಮೊಳೆ ಇರಬೇಕು. ತೆಳು ರಬ್ಬರಿಗೆ ಸ್ಪ್ರಿಂಗ್ ಸುತ್ತಿದ ಅಗ್ಗದ ಪಟ್ಟಿಗಳೂ ಸಿಗುತ್ತವೆ. ನಾನು ತಂದದ್ದು ಎರಡನೇ ದಿನವೇ ಕಿತ್ತುಹೋಯಿತು.

ಹಾಕುವಾಗ ಕುರ್ಚಿಯಲ್ಲಿ ಕೂತು, ಮೊದಲು ಶೂ ತುದಿಗೆ ಸಿಕ್ಕಿಸಿ, ಆಮೇಲೆ ಹಿಮ್ಮಡಿಗೆ ಎಳೆಯಿರಿ. ಅಂಗಡಿ, ಹೋಟೆಲ್ ಒಳಗೆ ಕಾಲಿಡುವ ಮುಂಚೆ ಬಿಚ್ಚಲೇಬೇಕು. ನುಣುಪು ಟೈಲ್ಸ್ ಮೇಲೆ ಇದೇ ಮೊಳೆ ಐಸ್‌ಗಿಂತ ಕೆಟ್ಟದಾಗಿ ಜಾರಿಸುತ್ತದೆ. ಬಿಚ್ಚುವ ಸೋಮಾರಿತನಕ್ಕೆ ಬಿದ್ದವರನ್ನೂ ನೋಡಿದ್ದೇನೆ.

ನಡೆಯುವಾಗ ಮಂಡಿ ಸ್ವಲ್ಪ ಬಾಗಿರಲಿ. ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಿ. ಕೈ ಜೇಬಿನಲ್ಲಿ ಬೇಡ. ಫೋನ್ ನೋಡಬೇಕೆಂದರೆ ನಿಂತು ನೋಡಿ.

5. ಆಕಾಶದ ಬೆಳಕು

ಅರೋರಾ ನೋಡಲು ಜನ ಆ್ಯಪ್‌ನಲ್ಲಿ ಕೆಪಿ ಅಂಕಿ (ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಅನ್ನುವ ಅಳತೆ) ನೋಡುತ್ತಾ ಕೂರುತ್ತಾರೆ. ಟ್ರೊಮ್ಸೊ ಅರೋರಾ ಪಟ್ಟಿಯ ಅಡಿಯಲ್ಲೇ ಇರುವುದರಿಂದ ಅಂಕಿ ಕಡಿಮೆ ಇದ್ದರೂ ಕಾಣಬಹುದು. ನೋಡಬೇಕಾದದ್ದು ಮೋಡವನ್ನು. ಕರಾವಳಿಗೆ ಮೋಡ ಕವಿದಿದ್ದರೂ ಲಿಂಗೆನ್ ಪರ್ವತಗಳ ಮರೆಯಲ್ಲಿರುವ ಸ್ಕಿಬೋಟ್ನ್ ಕಡೆ ಆಕಾಶ ಬಿಚ್ಚಿರುವುದುಂಟು. ಮಿನಿಬಸ್ ಪ್ರವಾಸದವರು ಅಂಥ ಕಡೆಗೇ ಓಡಿಸುತ್ತಾರೆ. ಐಸ್ ಮೇಲೆ ಓಡಿಸಿ ಅಭ್ಯಾಸವಿಲ್ಲದಿದ್ದರೆ ನೀವೇ ಕಾರು ಬಾಡಿಗೆ ತೆಗೆದುಕೊಳ್ಳಬೇಡಿ.

ಶುರುವಿನಲ್ಲಿ ಅರೋರಾ ಬೂದು ಮೋಡದ ಎಳೆಯ ಹಾಗೆ ಕಾಣುತ್ತದೆ. ಎಷ್ಟೋ ಜನ ಅಷ್ಟೇನಾ ಅಂತ ಬಸ್ಸಿನೊಳಗೆ ಹೋಗಿಬಿಡುತ್ತಾರೆ. ಹೋಗಬೇಡಿ. ಎಳೆಯ ಅಂಚು ಅಲುಗುತ್ತಿದೆಯಾ ನೋಡಿ. ಅಲುಗಿದರೆ ಅದು ಮೋಡವಲ್ಲ. ಸ್ವಲ್ಪ ಹೊತ್ತಿಗೆ ಹಸಿರಾಗಿ, ಪರದೆಯ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳಬಹುದು.

ಫೋಟೊಗೆ ಟ್ರೈಪಾಡ್ ಬೇಕೇ ಬೇಕು. ಐಎಸ್ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 1600, ಷಟರ್ ತೆರೆದಿರುವುದು ಐದರಿಂದ ಹತ್ತು ಸೆಕೆಂಡು, ಫೋಕಸ್ ಕೈಯಲ್ಲೇ ದೂರದ ನಕ್ಷತ್ರಕ್ಕೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಬೆಚ್ಚಗಿನ ಬಸ್ಸಿಗೆ ಹತ್ತುವ ಮುಂಚೆ, ಹೊರಗೇ, ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ. ಹನಿ ಚೀಲದ ಮೇಲೆ ಕೂರುತ್ತದೆ, ಲೆನ್ಸಿನ ಮೇಲಲ್ಲ. ಕೋಣೆ ಸೇರಿ ಒಂದು ಗಂಟೆಯಾದರೂ ಆಗುವ ತನಕ ಅದನ್ನು ತೆರೆಯಬೇಡಿ.